ಮಡಿಯಲ್ಲಿ ತೊಳೆದ ಇಂಜಿನ್

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುತ್ತಿದ್ದ ಮಾತು 'ಮುಟ್ಬೇಡ.' ಅಮ್ಮ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಗಳದ ಮೇಲೆ ಒಣಗಿದ್ದ ಮಡಿಸೀರೆಯನ್ನು ಕೋಲಿನಲ್ಲಿ ಎಳೆದು ಉಟ್ಟಳೆಂದರೆ ಮುಗಿಯಿತು, ಮಧ್ಯಾಹ್ನದ ಊಟದವರೆಗೆ ಅವಳ ದಾರಿಗೆ ಅಡ್ಡ ಬಂದವರಿಗೆಲ್ಲ ಅದೇ ಮಾತು. ನನಗೆ, ನನ್ನ ಹೆಂಡತಿಗೆ, ಬೆಕ್ಕಿಗೆ, ಪೌರೋಹಿತ್ಯ ಮಾಡುತ್ತಿದ್ದ ಅಪ್ಪನಿಗೂ ವಿನಾಯಿತಿ ಇರಲಿಲ್ಲ. ತಾನು ಮಾತ್ರ ಏನನ್ನು ಮುಟ್ಟಬೇಕಾದರೂ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೆ ಅವರ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಸರಿಯಿಲ್ಲವೆಂದು ಬಿಚ್ಚಿ ಕಟ್ಟಿ ಬರುತ್ತಿದ್ದಳು. ಹೊಸನಗರದ ನಮ್ಮ ಕೇರಿಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡವಳೂ ಅವಳೇ. ಮೈಲಿಗೆಯಲ್ಲವೇ ಎಂದು ಯಾರಾದರೂ ಕೆಣಕಿದರೆ, ಆಮೇಲೆ ಸ್ನಾನ ಮಾಡಿದರಾಯಿತು ಎನ್ನುತ್ತಿದ್ದಳು.

ಇದಿಷ್ಟು ಗೊತ್ತಿರದಿದ್ದರೆ ನಮ್ಮ ಕಾರಿನ ಇಂಜಿನ್ನಿಗೆ ಆದದ್ದು ಅರ್ಥವಾಗುವುದಿಲ್ಲ.

ಅದು ಅರವತ್ತರ ದಶಕದ ಮೊದಲ ಭಾಗ, ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ನಾನು ಹೊಸನಗರದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದೆ. ಮಂತ್ರ ಕಲಿಯಬೇಕಾದವನು ಗೇರು ಹಾಕಲು ಕಲಿತ ಎಂದು ಅಪ್ಪ ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕಾರು ವಿಲಾಯಿತಿಯದು, ಯುದ್ಧಕ್ಕೂ ಹಿಂದಿನದು. ತೀರ್ಥಹಳ್ಳಿಯ ಹತ್ತಿರ ಒಬ್ಬ ಸಾಹುಕಾರರ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಲಗಿತ್ತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಈಗಿನವರು ಅಂಥದ್ದಕ್ಕೆ ಕ್ಲಾಸಿಕ್ ಎಂದು ಹೆಸರಿಟ್ಟು, ಉಜ್ಜಿ ಉಜ್ಜಿ ಹೊಳಪು ಬರಿಸಿ, ಮದುಮಕ್ಕಳನ್ನು ಕೂರಿಸಿ ಮೆರವಣಿಗೆ ಮಾಡುತ್ತಾರೆ. ಆಗ ನಾವು ಅದನ್ನು ಡಕೋಟ ಎನ್ನುತ್ತಿದ್ದೆವು.

ಆ ಡಕೋಟವನ್ನು ನಾನು ತಂದದ್ದು ಟ್ಯಾಕ್ಸಿ ಓಡಿಸುವ ಹುಚ್ಚಿಗೆ ಎಂದು ಊರವರು ತಿಳಿದಿದ್ದರು. ನಿಜವಾದ ಕಾರಣ ಬೇರೆ. ನಮ್ಮ ಮೊದಲ ಮಗು ಮಳೆಗಾಲದಲ್ಲಿ, ಸಾಗರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಎತ್ತಿನಗಾಡಿಯಲ್ಲೇ ಹುಟ್ಟಿ ಗಾಡಿಯಲ್ಲೇ ಹೋಯಿತು. ಗಾಡಿ ಹೊಡೆಯುವವನು ತಿರುಗಿಸಲೇ ಎಂದು ಕೇಳಿದ. ಮುಂದಕ್ಕೇ ಹೊಡಿ ಎಂದೆ, ಹೆಂಡತಿಯಾದರೂ ಉಳಿಯಲಿ ಎಂದು. ಉಳಿದಳು. ಕಾರು ಬಂದದ್ದು ಅದಾದ ಮೇಲೆ.

ಅವಳು ಮತ್ತೆ ಬಸುರಿಯಾದಾಗ ಸಾಗರದ ಲೇಡಿ ಡಾಕ್ಟರರು ಪರೀಕ್ಷೆ ಮಾಡಿ, "ನೋವು ಕಾಣಿಸ್ಕೊಂಡ ಕೂಡ್ಲೇ ಕರ್ಕೊಂಡು ಬನ್ನಿ. ಈ ಸಲ ಮನೇಲಿ ಯಾರೂ ಕೈಹಾಕೋದು ಬೇಡ," ಎಂದರು. ಕೊನೆಯ ಮಾತನ್ನು ಕೇರಿಯ ಹೆರಿಗೆಗಳಿಗೆಲ್ಲ ಹೋಗುತ್ತಿದ್ದ ಅಮ್ಮನ ಮುಖ ನೋಡಿಯೇ ಹೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡಳು. ಮುಂಚೆಯೇ ಬಂದು ಇರುತ್ತೇವೆ ಎಂದರೆ ಆಸ್ಪತ್ರೆಯಲ್ಲಿ ಮಂಚವಿರಲಿಲ್ಲ, ಸಾಗರದಲ್ಲಿ ಬಿಡಾರ ಮಾಡಲು ನಮಗೆ ನೆಂಟರಿರಲಿಲ್ಲ. ಊರಿನ ಇನ್ನೊಂದು ಟ್ಯಾಕ್ಸಿ ಅಣೆಕಟ್ಟಿನ ಕಂಟ್ರಾಕ್ಟರರ ಹಿಂದೆ ಹೋದದ್ದು ತಿರುಗಿ ಬಂದಿರಲಿಲ್ಲ. ಕಾರಿದೆಯಲ್ಲ ಎಂಬುದೇ ನಮ್ಮ ಧೈರ್ಯ. ದಿನ ತುಂಬುವುದು ದೀಪಾವಳಿಯ ಹೊತ್ತಿಗೆ.

ನವರಾತ್ರಿಗೆ ಸ್ವಲ್ಪ ಮೊದಲು, ತೀರ್ಥಹಳ್ಳಿಯಿಂದ ಬರುವಾಗ ಏರಿನಲ್ಲಿ ಇಂಜಿನ್ನಿನ ಹೊಟ್ಟೆಯೊಳಗಿಂದ ಟಕಟಕ ಶಬ್ದ ಶುರುವಾಯಿತು. ಒಳಗೆ ಯಾರೋ ಸುತ್ತಿಗೆ ಹಿಡಿದು ಕುಳಿತಂತೆ. ಮನೆ ಮುಟ್ಟುವಷ್ಟರಲ್ಲಿ ಎಣ್ಣೆ ಸುಟ್ಟ ಹೊಗೆಯಿಂದ ಹಿಂದಿನ ರಸ್ತೆಯೇ ಕಾಣುತ್ತಿರಲಿಲ್ಲ.

ಸಾಗರದಿಂದ ಮೇಸ್ತ್ರಿಯನ್ನು ಕರೆತಂದೆ. ಈ ಭಾಗದಲ್ಲಿ ಹಳೆಯ ಇಂಜಿನ್ ಬಿಚ್ಚುವುದೆಂದರೆ ಅವರೇ. ಐವತ್ತರ ಆಸುಪಾಸಿನ ಮುಸಲ್ಮಾನರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಜಂಬ. ಬಾನೆಟ್ಟು ಎತ್ತುವ ಮೊದಲೇ ಕಾಯಿಲೆ ಏನೆಂದು ಸಾರಿಬಿಡುವ ಅಭ್ಯಾಸ. ಅರ್ಧಕ್ಕರ್ಧ ಸಲ ತಪ್ಪಾಗುತ್ತಿತ್ತು, ಆದರೆ ತಪ್ಪಾದದ್ದನ್ನು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ನಮ್ಮ ಶೆಡ್ಡಿನಲ್ಲಿಯೇ ಇಂಜಿನ್ ಇಳಿಸಿ, ಬಿಚ್ಚಿದ ಭಾಗಗಳನ್ನು ತಂದು ಜಗಲಿಯ ಮೇಲೆ ಹಳೆಯ ಪೇಪರ್ ಹಾಸಿ ಸಾಲಾಗಿ ಇಟ್ಟರು. ಅವರಿಗೆ ಕಾಫಿ ಬರುತ್ತಿದ್ದುದು ಜಗಲಿಯ ಮೂಲೆಯ ಗೂಡಿನಲ್ಲಿ ಕವುಚಿ ಇಟ್ಟಿದ್ದ ಬೇರೆ ಲೋಟದಲ್ಲಿ. ಅಮ್ಮ ಮೇಲಿನಿಂದ ಹೊಯ್ಯುತ್ತಿದ್ದಳು, ಅವರು ಕುಡಿದು ತೊಳೆದು ಮತ್ತೆ ಗೂಡಿನಲ್ಲಿಡುತ್ತಿದ್ದರು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಂಡಂತಿರಲಿಲ್ಲ. ನನಗೂ ಆಗ ಕಂಡಿರಲಿಲ್ಲ.

ನನ್ನ ಮತ್ತು ಮೇಸ್ತ್ರಿಯ ಜಗಳ ಶುರುವಾದದ್ದು ಅಲ್ಲಿಯೇ, ಆ ಪೇಪರಿನ ಸುತ್ತ.

"ಎಲ್ಲಾ ಹೊಸದು ಹಾಕ್ಬಿಡಿ ಸಾಬ್ರೆ," ಎಂದೆ. "ಈ ಸಲ ನಂಗೆ ಅರ್ಧಂಬರ್ಧ ಬೇಡ."

"ಹೊಸದು ಎಲ್ಲಿಂದ ತರ್ತೀರಿ ರಾಯ್ರೆ? ವಿಲಾಯ್ತಿಯಿಂದ ಬರೋದು ನಿಂತುಹೋಯ್ತು. ಬೊಂಬಾಯಲ್ಲಿ ಹೊಸದು ಅಂತ ಕೊಡ್ತಾರಲ್ಲ, ಅದು ನಿಮ್ದಕ್ಕಿಂತ ಹಳೇದು. ಮೇಲೆ ಎಣ್ಣೆ ಕಾಗ್ದ ಸುತ್ತಿರ್ತಾರೆ, ಅಷ್ಟೇ."

"ಹಳೇದು ದಾರೀಲಿ ಕೈಕೊಟ್ರೆ?"

"ಕೈಕೊಟ್ಟಿದ್ದು ಯಾವ್ದು? ಮೂರನೇದೊಂದೇ. ಉಳ್ದವು ಎಂತ ತಪ್ಪು ಮಾಡಿದ್ವು?"

ಇಂಜಿನ್ ಎಂದರೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು. ಪಿಸ್ಟನ್ನಿನಿಂದ ಕೆಳಗಿಳಿದ ರಾಡು ಬುಡದಲ್ಲಿ ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ಹಿಡಿದುಕೊಂಡಿರುತ್ತದೆ. ಆ ಹಿಡಿತದ ಅರ್ಧ ರಾಡಿನಲ್ಲಿ, ಇನ್ನರ್ಧ ಕ್ಯಾಪಿನಲ್ಲಿ, ಎರಡನ್ನೂ ಬೋಲ್ಟು ಬಿಗಿದಿಡುತ್ತದೆ. ಒಳಮೈಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಲೋಹವನ್ನು ಕರಗಿಸಿ ಹೊಯ್ದಿರುತ್ತಾರೆ, ಅದೇ ಬೇರಿಂಗು. ನಮ್ಮದರಲ್ಲಿ ಇಂಥ ಜೋಡಿ ನಾಲ್ಕು. ಅದರಲ್ಲಿ ಮೂರನೆಯದರ ವೈಟ್ ಮೆಟಲ್ ಕರಗಿ ಹೋಗಿತ್ತು, ಟಕಟಕ ಅದರದ್ದೇ.

ಮೇಸ್ತ್ರಿ ಒಂದೊಂದನ್ನೂ ವಿಚಾರಣೆ ಮಾಡಿದರು. ರಾಡನ್ನು ತಂತಿಯಲ್ಲಿ ನೇತುಹಾಕಿ ಸ್ಪಾನರಿನಿಂದ ಮೆಲ್ಲಗೆ ಬಡಿದು ಕಿವಿಯಾನಿಸಿದರು. ನಾದ ಉದ್ದಕ್ಕೆ ಹೋದರೆ ಒಳಗೆ ಬಿರುಕಿಲ್ಲ ಎಂದು ಲೆಕ್ಕ. ನಾಲ್ಕೂ ಚೆನ್ನಾಗಿಯೇ ಮೊಳಗಿದವು. ಗಾಳಿ ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವುಗಳನ್ನು ಅರೆದು ಕೂರಿಸಿದರೆ ಸಾಕು ಎಂದರು. ಪಿಸ್ಟನ್ನಿನ ರಿಂಗುಗಳು ಸವೆದಿದ್ದವು, ಅವು ಹೊಸದಾಗಬೇಕು, ಅದಕ್ಕೆ ಇಬ್ಬರದೂ ಒಪ್ಪಿಗೆ. ಬೋಲ್ಟುಗಳ ವಿಷಯಕ್ಕೆ ನಾನು ಹಟ ಹಿಡಿದೆ. ಅಷ್ಟು ವರ್ಷ ಬಿಗಿಸಿಕೊಂಡು ಎಳೆದಾಡಿಸಿಕೊಂಡ ಬೋಲ್ಟು ಒಂದು ದಿನ ಪಟ್ಟನೆ ಕಡಿದುಹೋದರೆ ರಾಡು ಇಂಜಿನ್ನನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ಹಳೆಯ ಬೋಲ್ಟು ಗಟ್ಟಿಮುಟ್ಟಾಗಿದೆ ಎಂದು ಅವರದೂ ಹಟ. ಒಂದು ಬೋಲ್ಟನ್ನು, ಮಾದರಿಗೆಂದು ಶಿವಮೊಗ್ಗದಿಂದ ತಂದಿದ್ದ ಹೊಸದೊಂದರ ಪಕ್ಕ ನಿಲ್ಲಿಸಿ ನೋಡಿದಾಗ ಹಳೆಯದು ಕೂದಲೆಳೆಯಷ್ಟು ಉದ್ದ ಬಂದಿತ್ತು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಸದೇ ಒಂಚೂರು ಗಿಡ್ಡ ಮಾಡಿದಾರೆ," ಎಂದರು.

ಆದರೂ ಒಟ್ಟಿನ ಮೇಲೆ ಗೆದ್ದದ್ದು ಅವರೇ. ಎಲ್ಲವನ್ನೂ ಹೊಸದಾಗಿ ತರಿಸುವುದಾದರೆ ದೀಪಾವಳಿ ಕಳೆದ ಮೇಲೆಯೇ ಎಂದು ಶಿವಮೊಗ್ಗದ ಅಂಗಡಿಯವನು ಖಂಡಿತವಾಗಿ ಹೇಳಿದ್ದ. ನನಗೆ ಬೇಕಿದ್ದುದು ದೀಪಾವಳಿಗೆ ಮೊದಲು. ಹಾಗಾಗಿ ರಿಂಗು ಮತ್ತು ಬೋಲ್ಟು ಹೊಸದು, ಮೂರನೆಯ ಬೇರಿಂಗಿಗೆ ಸಾಗರದಲ್ಲಿ ವೈಟ್ ಮೆಟಲ್ ಹೊಯ್ಯಿಸುವುದು, ಉಳಿದದ್ದೆಲ್ಲ ಹಳೆಯದೇ ಎಂದು ತೀರ್ಮಾನವಾಯಿತು.

"ಹಳೇದು ಹಾಕೋದ್ರಲ್ಲಿ ಒಂದೇ ಷರತ್ತು," ಎಂದರು ಮೇಸ್ತ್ರಿ. "ಯಾವ್ದು ಎಲ್ಲಿತ್ತೋ ಅಲ್ಲಿಗೇ ಹೋಗ್ಬೇಕು. ಒಂದನೇದು ಎರಡನೇದಕ್ಕೆ ಆಗ್ಬರಲ್ಲ. ಇಷ್ಟು ವರ್ಷ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದ್ಕೊಂಡಿರ್ತವೆ. ಜಾಗ ಬದಲಾದ್ರೆ ಹಳೇದು ಹೊಸದಕ್ಕಿಂತ್ಲೂ ಕಡೆ."

ಹಿಂದೆ ಯಾರೋ ರಿಪೇರಿ ಮಾಡಿದ್ದ ಪುಣ್ಯಾತ್ಮ ಕಂಪೆನಿಯವರು ಹೊಡೆದಿದ್ದ ನಂಬರುಗಳನ್ನೆಲ್ಲ ಅರದಿಂದ ತಿಕ್ಕಿಬಿಟ್ಟಿದ್ದ. ಹೊಸದಾಗಿ ಪಂಚ್ ಹೊಡೆದು ಗುರುತು ಮಾಡಿ ಎಂದೆ. ಮೇಸ್ತ್ರಿ ಒಪ್ಪಲಿಲ್ಲ, ಪೆಟ್ಟು ಬಿದ್ದರೆ ಕ್ಯಾಪು ಸೊಟ್ಟಗಾಗುತ್ತದಂತೆ. ಒಂದಕ್ಕೆ ಕೆಂಪು, ಎರಡಕ್ಕೆ ಬಿಳಿ, ಮೂರಕ್ಕೆ ಕಪ್ಪು, ನಾಲ್ಕಕ್ಕೆ ಹಸಿರು ದಾರ ಕಟ್ಟಿದರು. ವಾಲ್ವುಗಳನ್ನು ರಟ್ಟಿಗೆ ತೂತು ಮಾಡಿ ಕ್ರಮವಾಗಿ ಚುಚ್ಚಿಟ್ಟರು. "ದಾರ ಎಲ್ಲ ನಿಮ್ಗೋಸ್ಕರ. ನಂಗೆ ಕಣ್ಣು ಕಟ್ಟಿ ಕೈಗೆ ಕೊಟ್ರೂ ಹೇಳ್ತೀನಿ ಯಾವ್ದು ಎಲ್ಲಿದು ಅಂತ," ಎಂದು ಸೇರಿಸಿದರು.

ಆಯುಧಪೂಜೆ ಹತ್ತಿರ ಬಂದಿತ್ತು. ಹಬ್ಬಕ್ಕೆ ಅವರ ಗ್ಯಾರೇಜಿನಲ್ಲೂ ಕುಂಬಳಕಾಯಿ ಒಡೆಯುವುದಿತ್ತು, ಹೊರಟರು. ಹೊರಡುವಾಗ ಅಮ್ಮ ಬಾಗಿಲಿಗೆ ಬಂದು, "ಸಾಬ್ರೆ, ಹಬ್ಬದ ದಿನ ಜಗಲಿ ತುಂಬಾ ಇದೆಂತದು ಹರಡಿದ್ದು?" ಎಂದಳು.

ಮೇಸ್ತ್ರಿ ಕೈಮುಗಿದರು. ಅವಳಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಅವರಿಗೆ ಅನ್ನಿಸಿರಬೇಕು. "ಅಮ್ಮಾ, ನಿಮ್ದು ಮಡಿ ಇದೆಯಲ್ಲ, ಇದೂ ಹಾಗೇ ಅಂತ ತಿಳ್ಕೊಳ್ಳಿ. ನಾನು ಬರೋ ತನ್ಕ ಯಾರೂ ಮುಟ್ಬಾರ್ದು," ಎಂದರು.

ಅಮ್ಮನಿಗೆ ಅರ್ಥವಾಯಿತು. ಅವಳಿಗೆ ಅರ್ಥವಾದದ್ದು ಮಡಿಯ ಕ್ರಮದಲ್ಲಿ.

ನಾನು ಬೇರಿಂಗಿಗೆ ಸಾಗರಕ್ಕೆ, ಅಲ್ಲಿಂದ ರಿಂಗು ಬೋಲ್ಟುಗಳಿಗೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಅಲೆಯುತ್ತಿದ್ದೆ. ಅಪ್ಪ ರಿಪ್ಪನ್‌ಪೇಟೆಯಲ್ಲಿ ಒಬ್ಬರ ಮನೆಯಲ್ಲಿ ನವರಾತ್ರಿ ಪಾರಾಯಣಕ್ಕೆ ಕುಳಿತಿದ್ದ. ಮನೆಯಲ್ಲಿ ಗಂಡಸರಿಲ್ಲವೆಂದು ಆಯುಧಪೂಜೆ ಬಿಡುವ ಹೆಂಗಸಲ್ಲ ಅಮ್ಮ. ಪೂಜೆಯ ದಿನ ಸಂಜೆ ನಾನು ಬಂದಾಗ ಜಗಲಿ ಸಾರಿಸಿ ರಂಗೋಲಿ ಹಾಕಿತ್ತು. ಕತ್ತಿ, ಹಾರೆ, ಈಳಿಗೆಮಣೆಯ ಪಕ್ಕದಲ್ಲಿ ನಮ್ಮ ಇಂಜಿನ್ನಿನ ಭಾಗಗಳೆಲ್ಲ ಬಾಳೆಎಲೆಯ ಮೇಲೆ ಕುಳಿತಿದ್ದವು. ಪೂರ್ತಿ ಹೊಳೆಯುತ್ತಿದ್ದವು. ದೊಡ್ಡದೆಲ್ಲ ಹಿಂದೆ, ಸಣ್ಣದೆಲ್ಲ ಮುಂದೆ. ರಾಡುಗಳು ಒಂದು ಕಡೆ, ಕ್ಯಾಪುಗಳು ಇನ್ನೊಂದು ಕಡೆ, ವಾಲ್ವುಗಳು ಅರ್ಧಚಂದ್ರದ ಆಕಾರದಲ್ಲಿ. ಒಂದೊಂದಕ್ಕೂ ಕುಂಕುಮದ ಬೊಟ್ಟು, ಗೊಂಡೆ ಹೂ. ದಾರವೂ ಇಲ್ಲ, ರಟ್ಟೂ ಇಲ್ಲ.

ದಾರ ಎಲ್ಲಿ ಎಂದು ಕೇಳಿದೆ.

"ಆ ಜಿಡ್ಡು ದಾರವಾ? ಮೈಲಿಗೆ, ಕತ್ತರ್ಸಿ ಒಲೆಗೆ ಹಾಕ್ದೆ," ಎಂದಳು ಅಮ್ಮ. "ಎಷ್ಟು ಕೊಳೆ ಅಪ್ಪೀ! ಅಂಟುವಾಳದ ನೀರಲ್ಲಿ ನೆನೆಸಿ ತೊಳ್ದೆ. ದೇವ್ರ ಮುಂದೆ ಹಂಗೇ ಇಡ್ಲಿಕ್ಕಾಗ್ತದಾ?"

ಒಳಗೆ ಮಲಗಿದ್ದ ಹೆಂಡತಿ ನನ್ನನ್ನು ಕರೆದು ಪಿಸುಗುಟ್ಟಿದಳು. ಮೇಸ್ತ್ರಿ ಮುಟ್ಟಬೇಡಿ ಎಂದಿದ್ದರಲ್ಲ ಎಂದು ಅವಳು ಅತ್ತೆಗೆ ನೆನಪಿಸಿದ್ದಳಂತೆ. ಮಡಿಯಲ್ಲಿರುವವರಿಗೆ ಅದೆಲ್ಲ ಇಲ್ಲ ಎಂದು ಉತ್ತರ ಬಂದಿತ್ತು.

ಯಾವ ಕ್ಯಾಪು ಯಾವ ರಾಡಿನದೆಂದು ಹೇಳುವ ಗುರುತು ಒಂದೂ ಉಳಿದಿರಲಿಲ್ಲ. ಆದರೆ ಕಣ್ಣು ಕಟ್ಟಿದರೂ ಹೇಳುತ್ತೇನೆಂಬ ಮೇಸ್ತ್ರಿಯ ಜಂಬವಿತ್ತಲ್ಲ, ಅದನ್ನು ನಂಬಿಕೊಂಡೆ. ಮಂಗಳಾರತಿ ತೆಗೆದುಕೊಂಡು, ಆ ಕ್ಯಾಪು ವಾಲ್ವುಗಳಿಗೆ ಉದ್ದಕ್ಕೆ ಅಡ್ಡಬಿದ್ದೆ.

ವಿಜಯದಶಮಿ ಕಳೆದು ಮೇಸ್ತ್ರಿ ಬಂದರು. ಜಗಲಿಯ ಮೆಟ್ಟಿಲಲ್ಲಿ ಒಂದು ಕಾಲಿಟ್ಟವರು ಹಾಗೇ ನಿಂತರು. ಅಷ್ಟು ದೊಡ್ಡ ದನಿಯ ಮನುಷ್ಯ ಮೆಲ್ಲಗೆ ಕೇಳಿದರು.

"ಯಾರಮ್ಮಾ ಇದನ್ನ ಮುಟ್ಟಿದ್ದು?"

ಅಮ್ಮನಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅದು ಅವಳು ಬೇರೆಯವರಿಗೆ ಕೇಳುವ ಪ್ರಶ್ನೆ. ಅವಳಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾದಂತಿತ್ತು.

"ನಾನೇ. ಮಡೀಲೇ ಮುಟ್ಟಿದ್ದು," ಎಂದಳು. "ತಲೆ ಮೇಲೆ ನೀರು ಹೊಯ್ಕೊಂಡು, ಒದ್ದೆಸೀರೇಲಿ ತೊಳ್ದಿದೀನಿ. ನೀವೇ ಹೇಳಿದ್ರಲ್ಲ, ಮಡಿ ಅಂತ."

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನನಗೆ ಎಂಥ ಸಂಕಟದಲ್ಲೂ ತಪ್ಪು ಜಾಗದಲ್ಲಿ ನಗು ಬರುತ್ತದೆ, ಅದಕ್ಕೆ ಹಲ್ಲು ಕಚ್ಚಿಕೊಂಡೆ.

"ಬೂದಿ ಹಾಕಿ ತಿಕ್ಲಿಲ್ಲ ತಾನೆ?" ಎಂದು ಕೇಳಿದರು ಅವರು.

"ಬೆಳ್ಳಿ ಪಾತ್ರೆಗೆ ಯಾರಾದ್ರೂ ಬೂದಿ ಹಾಕ್ತಾರಾ? ಮೆತ್ತಗೆ ಬಟ್ಟೇಲಿ ಒರ್ಸಿದ್ದು. ಆಮೇಲೆ ಕತ್ತಿಗೆ ಹಚ್ದಂಗೆ ಕೊಬ್ರಿ ಎಣ್ಣೆ ಹಚ್ಚಿದೀನಿ."

"ಸದ್ಯ," ಎಂದು ಮೇಸ್ತ್ರಿ ಕುಳಿತರು. ವೈಟ್ ಮೆಟಲ್ಲಿಗೆ ಗೀರು ಬಿದ್ದಿರಲಿಲ್ಲ, ತುಕ್ಕೂ ಹಿಡಿದಿರಲಿಲ್ಲ. ಇನ್ನು ಯಾವುದು ಎಲ್ಲಿಯದು ಎಂದು ಹೇಳುವುದು ಬಾಕಿ. ಕಣ್ಣು ಕಟ್ಟುವ ಮಾತು ಹಾಗಿರಲಿ, ಕಣ್ಣು ಪೂರ್ತಿ ಬಿಟ್ಟುಕೊಂಡು ಒಂದು ಕ್ಯಾಪನ್ನು ಕೈಗೆತ್ತಿಕೊಂಡು, "ಇದು ಒಂದನೇದು," ಎಂದು ಒಂದು ರಾಡಿಗೆ ಕೂರಿಸಿದರು. ಕೂರಲಿಲ್ಲ, ಸೇರುವ ಅಂಚಿನಲ್ಲಿ ಮೆಟ್ಟಿಲಿನಂತೆ ಏರುಪೇರು ಬಂತು. ಇನ್ನೊಂದಕ್ಕೆ ಹಿಡಿದರು. ಅದಕ್ಕೆ ಕೂತಿತು, ಆದರೆ ತಿರುಗಿಸಿ ಇಟ್ಟರೂ ಅಷ್ಟೇ ಚೆನ್ನಾಗಿ ಕೂತಿತು. ಮೇಸ್ತ್ರಿ ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು.

"ಗೊತ್ತಾಗ್ತಿಲ್ಲ ರಾಯ್ರೆ," ಎಂದರು. ಅವರ ಬಾಯಿಂದ ಆ ಮಾತು ಬಂದದ್ದು ಕೇಳಿ ನನಗೆ ನಿಜವಾಗಿ ಭಯವಾಯಿತು.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಏನಾಗಿದೆ ಎಂದು ನಾನು ಹೇಳಬೇಕಾಯಿತು. ಸಿಟ್ಟು ಮಾಡದೆ, ಕ್ರಮ ತಪ್ಪಿದರೆ ಇಂಜಿನ್ ನಡೆಯುವುದಿಲ್ಲ ಎಂದಷ್ಟೇ ಹೇಳಿದೆ. ಅವಳು ಒಳಗೆ ಕೋಣೆಯ ಕಡೆಗೆ ತಿರುಗಿ ನೋಡಿದಳು. ಅಲ್ಲಿ ನನ್ನ ಹೆಂಡತಿ ಗೋಡೆಗೊರಗಿ, ಕಾಲು ನೀಡಿ ಕುಳಿತಿದ್ದಳು. ಅಮ್ಮ ಕೈ ಎರಡನ್ನೂ ಸೆರಗಿನೊಳಗೆ ಸೇರಿಸಿಕೊಂಡಳು. ಅಂದಿನಿಂದ ಮನೆಯಲ್ಲಿ 'ಮುಟ್ಬೇಡ' ಎಂಬ ಮಾತು ಕೇಳಿಬರಲಿಲ್ಲ. ಅಡಿಗೆ ಮಾಡುತ್ತಿದ್ದಳು, ಮಡಿಯೂ ನಡೆಯುತ್ತಿತ್ತು. ಆದರೆ ಸೊಸೆಯ ತಲೆ ಬಾಚುವುದನ್ನು ನಿಲ್ಲಿಸಿದಳು, ಬೆನ್ನಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಎಣ್ಣೆ ಬಿಸಿ ಮಾಡಿ ಬಟ್ಟಲನ್ನು ಹತ್ತಿರಕ್ಕೆ ಸರಿಸಿ ಹೋಗಿಬಿಡುತ್ತಿದ್ದಳು. ಅತ್ತೆ ಬೈದಿದ್ದರೆ ಒಳ್ಳೆಯದಿತ್ತು ಎಂದು ಹೆಂಡತಿ ನನ್ನ ಹತ್ತಿರ ಹೇಳಿದಳು.

ಮಾರನೆಯ ದಿನ ಮೇಸ್ತ್ರಿ ಬಂದವರೇ ಜಗಲಿಯ ತುದಿಯಿಂದ ಕೂಗಿದರು. "ಅಮ್ಮಾ, ಒಂಚೂರು ಕುಂಕುಮ ಕೊಡಿ. ದೀಪದ ಎಣ್ಣೇನೂ."

ಬೇರಿಂಗು ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಬಗೆಯ ಕೆಂಪು ಹಚ್ಚುವ ಪದ್ಧತಿ ಅವರಲ್ಲಿ ಇತ್ತು. ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಕ್ರ್ಯಾಂಕಿಗೆ ತೆಳುವಾಗಿ ಸವರಿ, ರಾಡು ಕ್ಯಾಪು ಬಿಗಿದು ಒಂದು ಸುತ್ತು ತಿರುಗಿಸಿ ಬಿಚ್ಚುವುದು. ಒಳಮೈಗೆಲ್ಲ ಕೆಂಪು ಹರಡಿದ್ದರೆ ಅದು ಅದರದ್ದೇ ಜಾಗ. ಎಲ್ಲೋ ಒಂದು ಚುಕ್ಕೆ ಮಾತ್ರ ಹತ್ತಿದ್ದರೆ ಬೇರೆಯವರ ಮನೆ. ಅವರ ಸಿಂಧೂರದ ಡಬ್ಬಿ ಖಾಲಿಯಾಗಿತ್ತು. ಆದರೆ ಕುಂಕುಮದ ವಿಚಾರ ಹೊಳೆದದ್ದು ಅದಕ್ಕಲ್ಲ. ಅಮ್ಮ ಇಟ್ಟಿದ್ದ ಬೊಟ್ಟೊಂದು ಕೊಬ್ಬರಿ ಎಣ್ಣೆಯ ಜೊತೆ ಸೇರಿ, ತಾವು ಹಿಂದಿನ ದಿನ ಅಂದಾಜಿಗೆ ಕೂರಿಸಿ ನೋಡಿದ ಕ್ಯಾಪಿನ ಅಂಚಿನಲ್ಲಿ ಗುರುತು ಬಿಟ್ಟದ್ದನ್ನು ಅವರು ನೋಡಿದ್ದರಂತೆ. ಅಮ್ಮ ಕುಂಕುಮದ ಬಟ್ಟಲನ್ನು ಹೊಸಿಲ ಮೇಲಿಟ್ಟು ಹಿಂದೆ ಸರಿದಳು.

ಅದು ತಾಳ್ಮೆಯ ಕೆಲಸ, ಇಬ್ಬರಿಗೂ ಅದು ಇರಲಿಲ್ಲ. ಹಚ್ಚುವುದು, ಬಿಗಿಯುವುದು, ತಿರುಗಿಸುವುದು, ಬಿಚ್ಚುವುದು, ನೋಡಿ ಬೈದುಕೊಳ್ಳುವುದು. ನನ್ನ ಕೈ, ಪಂಚೆ, ಮೇಸ್ತ್ರಿಯ ಗಡ್ಡ ಎಲ್ಲ ಕೆಂಪಾಯಿತು. ಮೊದಲು ಸಿಕ್ಕಿದ್ದು ನಾಲ್ಕನೆಯದು. ಒಳ ಮೈಗೆಲ್ಲ ಒಂದೇ ಸಮ ಕುಂಕುಮ ಹರಡಿದ್ದನ್ನು ಮೇಸ್ತ್ರಿ ಬಾಗಿಲ ಕಡೆಗೆ ಎತ್ತಿ ಹಿಡಿದು, "ನೋಡಿ ಅಮ್ಮಾ, ಮನೆ ಸಿಕ್ತು ಇದಕ್ಕೆ," ಎಂದರು. ಕಾಫಿ ಬಂತು, ಗೂಡಿನ ಅದೇ ಲೋಟಕ್ಕೆ, ಮೇಲಿನಿಂದಲೇ. ಲೋಟ ಬದಲಾಗುವಂಥ ಕಾಲ ಅದಲ್ಲ. ಆಮೇಲೆ ಒಂದನೆಯದೂ ಎರಡನೆಯದೂ ಸಿಕ್ಕಿದವು. ಮೂರನೆಯದು ಹೇಗೂ ಹೊಸದಾಗಿ ಹೊಯ್ದದ್ದು, ಕೆಂಪು ಹತ್ತಿದ ಕಡೆಯೆಲ್ಲ ಹೆರೆದು ಹೆರೆದು ಕೂರಿಸಿದರು. ವಾಲ್ವುಗಳನ್ನು ಒಂದೊಂದು ಸೀಟಿನಲ್ಲಿ ಅರೆದು ಒಗ್ಗಿಸಿದರು. ವಾಲ್ವನ್ನು ಎತ್ತುವ ತುಂಡುಗಳು ಮಾತ್ರ ಯಾವುದು ಎಲ್ಲಿಯದೆಂದು ಕೊನೆಗೂ ಗೊತ್ತಾಗಲಿಲ್ಲ, ಹೇಗೋ ಹಾಕಿದರು.

ಕಾರು ಸ್ಟಾರ್ಟಾಯಿತು. ಹೊಗೆಯಿಲ್ಲ, ಟಕಟಕವಿಲ್ಲ. ಒಂದು ಕಡೆಯಿಂದ ಸಣ್ಣಗೆ ಟಿಣ್ ಟಿಣ್ ಎಂಬ ಶಬ್ದ ಮಾತ್ರ ನಿಲ್ಲಲೇ ಇಲ್ಲ. "ಅದು ಅಮ್ಮನ ಪೂಜೆ ಗಂಟೆ, ಇರ್ಲಿ ಬಿಡಿ," ಎಂದರು ಮೇಸ್ತ್ರಿ. ಹೊರಡುವಾಗ ನನ್ನ ಭುಜ ಹಿಡಿದು ಇನ್ನೊಂದು ಮಾತು ಹೇಳಿದರು. "ಈಗಷ್ಟೇ ಒಂದಕ್ಕೊಂದು ಪರಿಚಯ ಆಗ್ತಾ ಇದಾವೆ. ಎಂತದೇ ಅವಸರ ಇದ್ರೂ ಜೋರಾಗಿ ಓಡಿಸ್ಬೇಡಿ. ಬಿಸಿಯಾಯ್ತು ಅಂದ್ರೆ ಕಚ್ಕೊಂಡು ನಿಂತುಬಿಡುತ್ತೆ."

ಅವಸರ ಬಂದದ್ದು ದೀಪಾವಳಿಗೂ ಮೊದಲೇ, ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಅಮ್ಮ ಅವಳ ಪಕ್ಕ ಕುಳಿತಳು, ನಡುವೆ ಬಟ್ಟೆಯ ಗಂಟು ಇಟ್ಟುಕೊಂಡು.

ಬಟ್ಟೆಮಲ್ಲಪ್ಪದವರೆಗೆ ನಾನು ಏನನ್ನೂ ಯೋಚಿಸಲಿಲ್ಲ. ಆಮೇಲೆ ಎತ್ತಿನಗಾಡಿಯಲ್ಲಿ ಮಗು ಹೋದ ಜಾಗ ಬಂತು, ಒಂದು ಮೋರಿ, ಪಕ್ಕದಲ್ಲಿ ಮತ್ತಿಮರ. ಕಾಲು ತಾನಾಗಿಯೇ ಪೆಡಲ್ಲನ್ನು ಒತ್ತಿತು. ಇಂಜಿನ್ನಿನ ದನಿ ಬದಲಾಯಿತು. ಕಾಲು ಎತ್ತಿದೆ. ಹಿಂದೆ ಹೆಂಡತಿ ನರಳುತ್ತಿದ್ದಳು, ನಾನು ಕಾರನ್ನು ಮದುವೆ ಮೆರವಣಿಗೆಯ ಹಾಗೆ ನಡೆಸುತ್ತಿದ್ದೆ. ಸೈಕಲ್ಲಿನವನೊಬ್ಬ ಪಕ್ಕದಲ್ಲಿ ಬಂದು ಒಳಗೆ ಇಣುಕಿ ನೋಡಿ ಮುಂದೆ ಹೋದ. ಅಷ್ಟು ಸಿಟ್ಟು ನನಗೆ ಜೀವನದಲ್ಲಿ ಇನ್ನೊಬ್ಬರ ಮೇಲೆ ಬಂದಿಲ್ಲ, ಆ ಸೈಕಲ್ಲಿನವನ ತಪ್ಪು ಏನೂ ಇರಲಿಲ್ಲ.

ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಅಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದಳು, ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಕುಳಿತ ಹಾಗೆ. ಹೆಂಡತಿ ನೋವಿನಲ್ಲಿ ಕೈ ಚಾಚಿ ಏನನ್ನಾದರೂ ಹಿಡಿಯಲು ಹುಡುಕುತ್ತಿದ್ದಳು. ಬಾಗಿಲಿನ ಹಿಡಿ ಸಿಕ್ಕಿತು, ಅದನ್ನೇ ಹಿಡಿದುಕೊಂಡಳು. ಅಮ್ಮ ಅದನ್ನು ನೋಡುತ್ತಲೇ ಇದ್ದಳು. ಆದರೂ ಕೈ ಎತ್ತಲಿಲ್ಲ.

ಇಂಜಿನ್ ಕೈಕೊಡಲಿಲ್ಲ. ಟಿಣ್ ಟಿಣ್ ಎನ್ನುತ್ತಲೇ ಸಾಗರ ಮುಟ್ಟಿತು. ಆಸ್ಪತ್ರೆಯ ಗೇಟಿನೊಳಗೆ ನಿಲ್ಲಿಸಿದಾಗ ಬಾನೆಟ್ಟು ಕೈಯಿಡಲಾಗದಷ್ಟು ಬಿಸಿಯಾಗಿತ್ತು, ಅಷ್ಟೇ. ಹಳೆಯದು ಹಾಕಬೇಕೋ ಹೊಸದೋ ಎಂದು ನನ್ನನ್ನು ಈಗಲೂ ಕೆಲವರು ಕೇಳುತ್ತಾರೆ. ಬೋಲ್ಟು ಹೊಸದು, ಉಳಿದದ್ದು ನೋಡಿಕೊಂಡು ಎನ್ನುತ್ತೇನೆ. ಆ ದಿನ ನಾನು ಮೇಸ್ತ್ರಿಯನ್ನು ನೆನೆದು, ಆ ಬಿಸಿ ಬಾನೆಟ್ಟಿಗೆ ಕೈಮುಗಿದೆ.

ಮಧ್ಯಾಹ್ನ ಮಗು ಹುಟ್ಟಿತು. ಹೆಣ್ಣು. ತಾಯಿಯೂ ಚೆನ್ನಾಗಿದ್ದಳು. ನರ್ಸು ಬಂದು ಕರೆದಾಗ ನಾನೂ ಅಮ್ಮನೂ ಒಳಗೆ ಹೋದೆವು. ಹೆಂಡತಿಯ ಪಕ್ಕದಲ್ಲಿ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಅಮ್ಮ ಮಂಚದಿಂದ ದೂರದಲ್ಲಿ ನಿಂತಳು. ಕೇರಿಯ ಮಕ್ಕಳನ್ನೆಲ್ಲ ಕೇಳದೆ ಎತ್ತಿಕೊಂಡವಳು, ಕೈ ಇನ್ನೂ ಸೆರಗಿನೊಳಗೇ ಇಟ್ಟುಕೊಂಡು, ನರ್ಸಿನ ಕಡೆ ನೋಡಿ ಕೇಳಿದಳು.

"ಮುಟ್ಲಾ?"

ನರ್ಸು ಅವಸರದಲ್ಲಿದ್ದಳು. "ಕೈ ತೊಳ್ಕೊಂಡು ಬನ್ನಿ ಅಜ್ಜಿ," ಎಂದಳು.

ತೊಳೆದು ತೊಳೆದೇ ಆಯುಷ್ಯ ಕಳೆದ ನನ್ನ ಅಮ್ಮ ಹೋಗಿ, ವರಾಂಡದ ನಲ್ಲಿಯಲ್ಲಿ ಮೊಣಕೈಯವರೆಗೆ ಕೈ ತೊಳೆದು ಬಂದಳು. ಬಂದು ಮತ್ತೆ ಅಲ್ಲೇ ನಿಂತಳು. ಈ ಸಲ ಸೊಸೆಯ ಮುಖ ನೋಡಿದಳು.

"ಮುಟ್ಲಾ ತಂಗೀ?"

ನನಗೆ ಅಳು ಬಂತು. ಆ ಇಂಜಿನ್ನಿನ ಮೇಲೆ, ಮೇಸ್ತ್ರಿಯ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಬೇಸರವಾಯಿತು. ಹೆಂಡತಿ ಏಳಲಾರದೆ ಕೈ ಚಾಚಿ, ಅಮ್ಮನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದಳು. "ಎಂತದು ಅತ್ತೆ ಕೇಳೋದು? ನಿಮ್ಮದೇ ಅಲ್ವಾ. ತಗೊಳ್ಳಿ," ಎಂದಳು.

ಅಮ್ಮ ಮಗುವನ್ನು ಎತ್ತಿಕೊಂಡಳು. ಬಟ್ಟೆ ಬಿಡಿಸಿ ಕೈಬೆರಳು ನೋಡಿದಳು, ಕಾಲ್ಬೆರಳು ನೋಡಿದಳು, ಒಂದು ಕಿವಿ, ಇನ್ನೊಂದು ಕಿವಿ, ಮಗುಚಿ ಬೆನ್ನು, ಮತ್ತೆ ತಿರುಗಿಸಿ ಹೊಕ್ಕುಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟೆ ಸುತ್ತಿ, ಎದೆಗೆ ಒತ್ತಿಕೊಂಡು, ನನ್ನ ಕಡೆ ತಿರುಗಿದಳು.

"ಅಪ್ಪೀ," ಎಂದಳು, "ಎಲ್ಲಾ ಅದ್ರದ್ರ ಜಾಗದಲ್ಲೇ ಇದೆ."